ಮ್ಯಾನಿಫೋಲ್ಡ್ ಕಣಿವೆಯ ಕಿರುರೈಲು

ಸೊಲ್ಲಾಪುರ ಸೀಮೆಯಲ್ಲಿ ಸಂಚರಿಸಿದ ಹಿರಿಯರಿಗೆ ಬಾರ್ಶಿಯ ಚಿಕ್ಕ ರೈಲಿನ ನೆನಪು ಇನ್ನೂ ಇದ್ದೀತು. ಕುರ್ಡುವಾಡಿಯಿಂದ ಒಂದು ಕಡೆ ಬಾರ್ಶಿ, ಲಾತೂರುಗಳಿಗೂ ಮತ್ತೊಂದು ಕಡೆ ಪಂಢರಪುರ, ಮಿರಜಗಳಿಗೂ ಎರಡೂವರೆ ಅಡಿ ಅಗಲದ ಹಳಿಗಳ ಮೇಲೆ ಓಡುತ್ತಿದ್ದ ಆ ಗಾಡಿಗೆ ದೂರದ ಇಂಗ್ಲೆಂಡಿನಲ್ಲಿ ಒಬ್ಬ ತಮ್ಮನಿದ್ದನೆಂಬ ಸಂಗತಿ ಅನೇಕರಿಗೆ ತಿಳಿದಿಲ್ಲ. ಅಣ್ಣನು ನೂರು ವರ್ಷಕ್ಕೂ ಮಿಕ್ಕಿ ಬಾಳಿದನು. ತಮ್ಮನು ಮೂವತ್ತು ವರ್ಷ ತುಂಬುವ ಮೊದಲೇ ಕಣ್ಮರೆಯಾದನು. ಇಬ್ಬರ ಜನಕನೂ ಒಬ್ಬನೇ: ಎವರಾರ್ಡ್ ರಿಚರ್ಡ್ ಕ್ಯಾಲ್ಥ್ರಾಪ್ ಎಂಬ ಇಂಜಿನಿಯರು.

1857ರಲ್ಲಿ ಜನಿಸಿದ ಕ್ಯಾಲ್ಥ್ರಾಪ್ 1882ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಸೇವೆಗೆಂದು ಭಾರತಕ್ಕೆ ಬಂದನು. ಮುಂಬಯಿಯಿಂದ ದಕ್ಷಿಣಕ್ಕೆ ಹೋಗುವ ದೊಡ್ಡ ಹಳಿಯು ಬಾರ್ಶಿ ಪೇಟೆಯನ್ನು ಸುಮಾರು 21 ಮೈಲಿ ಬದಿಗೆ ಬಿಟ್ಟು ಸಾಗಿತ್ತು. ಹತ್ತಿಯ ಮೂಟೆಗಳೂ ಕಾಳುಕಡಿಯೂ ಚಕ್ಕಡಿಗಳಲ್ಲಿಯೇ ನಿಲ್ದಾಣ ಮುಟ್ಟಬೇಕಾಗಿತ್ತು. ಈ ಕೊರತೆಯನ್ನು ಕಂಡ ಕ್ಯಾಲ್ಥ್ರಾಪ್ ಒಂದು ಹೊಸ ವಿಚಾರವನ್ನು ಮುಂದಿಟ್ಟನು. ಹಳಿಯ ಶಕ್ತಿಯನ್ನು ನಿರ್ಧರಿಸುವುದು ಗಾಡಿಯ ಒಟ್ಟು ಭಾರವಲ್ಲ, ಒಂದೊಂದು ಅಚ್ಚಿನ ಮೇಲೆ ಬೀಳುವ ಭಾರ. ಎಂಜಿನ್ನಿನ ಅಚ್ಚಾಗಲಿ ವ್ಯಾಗನ್ನಿನ ಅಚ್ಚಾಗಲಿ, ಯಾವುದರ ಮೇಲೂ 5 ಟನ್ನಿಗಿಂತ ಹೆಚ್ಚು ಭಾರ ಬೀಳದಂತೆ ಹಂಚಿದರೆ ಹಗುರವಾದ, ಅಗ್ಗವಾದ ಹಳಿಯೂ ದೊಡ್ಡ ಹೊರೆಯನ್ನು ತಾಳಬಲ್ಲದೆಂಬುದು ಅವನ ವಾದ. 1897ರಲ್ಲಿ ಬಾರ್ಶಿ ಮಾರ್ಗ ಆರಂಭವಾದಾಗ ಈ ವಾದ ಬಯಲಿನಲ್ಲಿಯೇ ಸಿದ್ಧವಾಯಿತು. ಹತ್ತಿಯ ವ್ಯಾಪಾರಕ್ಕೆ ಪಂಢರಪುರದ ಯಾತ್ರಿಕರ ಸಂದಣಿಯೂ ಸೇರಿದಾಗ ಆ ಕಿರುಮಾರ್ಗಕ್ಕೆ ಹೊರೆಯ ಚಿಂತೆ ಉಳಿಯಲಿಲ್ಲ.

ಇತ್ತ ಇಂಗ್ಲೆಂಡಿನಲ್ಲಿ 1896ರ ಲಘು ರೈಲ್ವೆ ಕಾನೂನು ಜಾರಿಗೆ ಬಂದಿತ್ತು. ರೈಲು ಕಾಣದ ಕೃಷಿಪ್ರದೇಶಗಳಿಗೆ ಕಡಿಮೆ ವೆಚ್ಚದಲ್ಲಿ, ಸಡಿಲವಾದ ನಿಯಮಗಳಡಿಯಲ್ಲಿ ಹಳಿ ಹಾಕಿಸುವುದೇ ಅದರ ಉದ್ದೇಶ. ಸ್ಟಾಫರ್ಡ್‌ಶೈರ್ ಪ್ರಾಂತದ ಲೀಕ್ ಎಂಬ ಪಟ್ಟಣದ ಗಣ್ಯರು ಇದರ ಲಾಭ ಪಡೆಯಲು ಮುಂದಾದರು. ಅವರ ಪೈಕಿ ಸರ್ ಥಾಮಸ್ ವಾರ್ಡ್‌ಲ್‌ನ ಹೆಸರು ಭಾರತೀಯರಿಗೆ ಗಮನಾರ್ಹವಾದುದು. ರೇಷ್ಮೆಗೆ ಬಣ್ಣ ಕಟ್ಟುವ ಉದ್ಯಮದಲ್ಲಿ ಹೆಸರಾದ ಈತ ನಮ್ಮ ದೇಶದ ಟಸರ್ ರೇಷ್ಮೆಯನ್ನು ಆಳವಾಗಿ ಅಭ್ಯಸಿಸಿದವನು. ಲೀಕ್ ಅಂಡ್ ಮ್ಯಾನಿಫೋಲ್ಡ್ ವ್ಯಾಲಿ ಲೈಟ್ ರೈಲ್ವೆ ಎಂಬ ಸಂಸ್ಥೆಗೆ ಇಂಜಿನಿಯರಾಗಿ ಬಂದವನು ಬಾರ್ಶಿಯ ಕ್ಯಾಲ್ಥ್ರಾಪ್.

ವಾಟರ್‌ಹೌಸಸ್ ಎಂಬಲ್ಲಿಂದ ಹ್ಯೂಮ್ ಎಂಡ್‌ವರೆಗೆ 8¼ ಮೈಲಿ, ಎಂದರೆ ಸುಮಾರು 13 ಕಿಲೋಮೀಟರು. ಇಷ್ಟೇ ಮಾರ್ಗದ ಉದ್ದ. ಹ್ಯಾಂಪ್ಸ್ ನದಿಯನ್ನು ಮತ್ತೆ ಮತ್ತೆ ದಾಟಿ ಅದು ಮ್ಯಾನಿಫೋಲ್ಡ್ ನದಿಯ ಕಣಿವೆಯನ್ನು ಸೇರುತ್ತಿತ್ತು. ಸುಣ್ಣಕಲ್ಲಿನ ನಾಡದು. ಬೇಸಗೆಯಲ್ಲಿ ನದಿಯೇ ನೆಲದೊಳಗೆ ಇಳಿದು ಮರೆಯಾಗಿ, ಕೆಲವು ಮೈಲಿಗಳಾಚೆ ಐಲಮ್ ಗ್ರಾಮದ ಬಳಿ ಪುನಃ ಮೇಲೇಳುತ್ತದೆ. 1904ರ ಜೂನ್ 27ರಂದು ಮಾರ್ಗದ ಉದ್ಘಾಟನೆ ನೆರವೇರಿತು. ಆದರೆ ಲೀಕ್ ಪಟ್ಟಣದಿಂದ ವಾಟರ್‌ಹೌಸಸ್‌ಗೆ ಬರಬೇಕಾದ ದೊಡ್ಡ ಹಳಿಯು ಸಿದ್ಧವಾದದ್ದು 1905ರಲ್ಲಿ. ಮೊದಲ ವರ್ಷ ಪ್ರಯಾಣಿಕರು ಉಗಿಬಸ್ಸಿನಲ್ಲಿ ಬಂದು ಕಿರುರೈಲನ್ನು ಹತ್ತಬೇಕಾಯಿತು. ಆರಂಭವೇ ಅಷ್ಟೇನೂ ಶುಭಕರವಾಗಿರಲಿಲ್ಲ.

ಆ ಹಸಿರು ಕಣಿವೆಯಲ್ಲಿ ಗಾಡಿಯನ್ನು ಕಂಡವರಿಗೆ ಅದು ಭಾರತದಿಂದಲೇ ದಾರಿ ತಪ್ಪಿ ಬಂದಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಬಾರ್ಶಿಗೆ ಎಂಜಿನ್ ಮಾಡಿಕೊಟ್ಟ ಲೀಡ್ಸ್ ನಗರದ ಕಿಟ್ಸನ್ ಕಂಪನಿಯೇ ಇಲ್ಲಿಯ ಎರಡು ಎಂಜಿನ್‌ಗಳನ್ನೂ ತಯಾರಿಸಿತ್ತು. ಅವಕ್ಕೆ ಭಾರೀ ಗಾತ್ರದ ಮುಂದೀಪ. ನಾಲ್ಕು ಬೋಗಿಗಳು, ಅವುಗಳಿಗೆ ತಿಳಿಹಳದಿ ಬಣ್ಣ, ತುದಿಗಳಲ್ಲಿ ತೆರೆದ ಪಡಸಾಲೆ. ಉಷ್ಣದೇಶದಲ್ಲಿ ಗಾಳಿ ಬರಲೆಂದು ಮಾಡಿದ ಏರ್ಪಾಡು ಸ್ಟಾಫರ್ಡ್‌ಶೈರಿನ ಚಳಿಮಳೆಗೆ ಎಷ್ಟು ಒಪ್ಪಿತೋ!

ಕ್ಯಾಲ್ಥ್ರಾಪನ ಬುದ್ಧಿಶಕ್ತಿ ಎದ್ದು ಕಾಣುವುದು ಮತ್ತೊಂದು ಸಾಧನದಲ್ಲಿ. ಹಳಿಯ ಅಗಲ ಬದಲಾಗುವಲ್ಲಿ ಸರಕನ್ನು ಇಳಿಸಿ ಮತ್ತೆ ಏರಿಸುವುದೇ ಎಲ್ಲ ಕಿರುಮಾರ್ಗಗಳ ಶಾಪ. ಕೂಲಿ ಹೆಚ್ಚು, ಹೊತ್ತು ಹೆಚ್ಚು, ಹಾಲಿನಂಥ ಪದಾರ್ಥವಾದರೆ ಕೆಡುವ ಭಯ ಬೇರೆ. ಇದಕ್ಕೆ ಆತ ಅತಿ ತಗ್ಗಾದ ಹೊರೆಗಾಡಿಯೊಂದನ್ನು ರಚಿಸಿದನು. ದೊಡ್ಡ ಹಳಿಯ ವ್ಯಾಗನ್ನನ್ನು ತುಂಬಿದ ಸರಕಿನೊಡನೆ ಹಾಗೆಯೇ ಅದರ ಮೇಲೆ ತಳ್ಳಿ ನಿಲ್ಲಿಸಿದರೆ, ಆನೆಯನ್ನು ಕುದುರೆ ಹೊತ್ತಂತೆ ಕಿರುಗಾಡಿ ಅದನ್ನು ಹೊತ್ತೊಯ್ಯುತ್ತಿತ್ತು. ನಿಲ್ದಾಣಗಳಲ್ಲಿ ದೊಡ್ಡ ಹಳಿಯ ತುಂಡುಗಳನ್ನು ಹಾಸಿ ವ್ಯಾಗನ್ನನ್ನು ಅಲ್ಲಿಗೆ ಇಳಿಸಿಕೊಳ್ಳುತ್ತಿದ್ದರು. ಎಕ್ಟನ್ ಗ್ರಾಮದ ಹಾಲಿನ ಕಾರ್ಖಾನೆಯಿಂದ ಲಂಡನ್ನಿಗೆ ಹಾಲು ಹೋದದ್ದು ಈ ಏರ್ಪಾಡಿನ ಬಲದಿಂದ.

ಇಷ್ಟಾದರೂ ಮಾರ್ಗ ಬಾಳಲಿಲ್ಲ. ಯಂತ್ರದಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ದಾರಿಯ ಆಯ್ಕೆಯಲ್ಲಿ. ಗ್ರಿಂಡನ್, ಬಟರ್ಟನ್ ಮೊದಲಾದ ಊರುಗಳ ಹೆಸರು ನಿಲ್ದಾಣದ ಫಲಕದ ಮೇಲಿತ್ತು, ಊರು ಮಾತ್ರ ಕಡಿದಾದ ಗುಡ್ಡದ ಮೇಲಿತ್ತು. ರೈಲಿಗಾಗಿ ಗುಡ್ಡ ಇಳಿದು ಏರುವ ಶ್ರಮಕ್ಕಿಂತ ಮನೆಯ ಮುಂದಿನ ರಸ್ತೆಯೇ ಲೇಸೆಂದು ಹಳ್ಳಿಗರು ಬಗೆದರೆ ಅವರನ್ನು ದೂರುವುದು ಹೇಗೆ? ಎಕ್ಟನ್ ಬೆಟ್ಟದ ತಾಮ್ರದ ಗಣಿಗಳು ಹದಿನೆಂಟನೆಯ ಶತಮಾನದಲ್ಲಿ ಡೆವನ್‌ಶೈರಿನ ಡ್ಯೂಕರಿಗೆ ಅಪಾರ ಸಂಪತ್ತನ್ನು ತಂದಿದ್ದವು. ರೈಲು ಬರುವ ವೇಳೆಗೆ ಅವು ಬರಿದಾಗಿದ್ದವು. ಬಾರ್ಶಿಯಲ್ಲಿ ಪೇಟೆಯು ರೈಲಿಗಾಗಿ ಕಾದು ಕುಳಿತಿತ್ತು. ಇಲ್ಲಿ ರೈಲೇ ಜನರಿಗಾಗಿ ಕಾಯಬೇಕಾಯಿತು. ರಜಾದಿನಗಳಲ್ಲಿ ಕಣಿವೆಯ ಚೆಲುವನ್ನೂ ಥಾರ್ ಗುಹೆಯನ್ನೂ ನೋಡಲು ಬರುವವರಿಂದ ಬೋಗಿಗಳು ತುಂಬಿ ತುಳುಕುತ್ತಿದ್ದವು, ಉಳಿದ ದಿನ ಖಾಲಿ.

1923ರಲ್ಲಿ ಮಾರ್ಗವು ಲಂಡನ್ ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್ ಎಂಬ ಬೃಹತ್ ಕಂಪನಿಯಲ್ಲಿ ವಿಲೀನವಾಯಿತು. ಮೋಟಾರು ಲಾರಿಗಳು ಹೊಲದ ಬಾಗಿಲಿಗೇ ಬಂದು ಹಾಲು ಒಯ್ಯತೊಡಗಿದವು. 1932ರಲ್ಲಿ ಎಕ್ಟನ್ನಿನ ಕಾರ್ಖಾನೆ ಮುಚ್ಚಿದಾಗ ಇದ್ದ ಒಂದು ಆಧಾರವೂ ಹೋಯಿತು. 1934ರ ಮಾರ್ಚ್ 10ರಂದು ಕೊನೆಯ ಗಾಡಿ ಓಡಿತು. ಈ ಅಂತ್ಯವನ್ನು ಕಾಣಲು ಕ್ಯಾಲ್ಥ್ರಾಪ್ ಇರಲಿಲ್ಲ. ವಿಮಾನದಿಂದ ಹಾರುವವರ ಪ್ರಾಣ ಕಾಯುವ ‘ಗಾರ್ಡಿಯನ್ ಏಂಜಲ್’ ಎಂಬ ಪ್ಯಾರಾಚೂಟನ್ನೂ ನಿರ್ಮಿಸಿದ್ದ ಆತ 1927ರಲ್ಲಿ ತೀರಿಕೊಂಡಿದ್ದನು. ಬಾರ್ಶಿ ಮಾರ್ಗ ಮಿರಜವನ್ನು ಮುಟ್ಟಿದ್ದು ಅದೇ ವರ್ಷ. 1954ರಲ್ಲಿ ಅದು ಸರಕಾರದ ಸ್ವತ್ತಾಯಿತು. 2000ದ ನಂತರದ ವರ್ಷಗಳಲ್ಲಿ ಹಂತಹಂತವಾಗಿ ಬ್ರಾಡ್‌ಗೇಜಿಗೆ ಪರಿವರ್ತನೆಗೊಂಡಿತು.

ಮ್ಯಾನಿಫೋಲ್ಡ್ ಕಣಿವೆಯ ಹಳಿಗಳನ್ನು ಕಿತ್ತ ಮೇಲೆ ಆ ನೆಲವನ್ನು ಕಂಪನಿಯು ಪ್ರಾಂತದ ಆಡಳಿತಕ್ಕೆ ಒಪ್ಪಿಸಿತು. 1937ರಲ್ಲಿ ಅದು ಕಾಲುದಾರಿಯಾಗಿ ತೆರೆಯಿತು. ಈಗ ಅಲ್ಲಿ ನಡೆಯುವವರೂ ಸೈಕಲ್ ಸವಾರರೂ ಸಂಚರಿಸುತ್ತಾರೆ. ಹ್ಯೂಮ್ ಎಂಡ್‌ನಲ್ಲಿ ಹಳೆಯ ಟಿಕೆಟ್ ಕಚೇರಿಯ ಕಟ್ಟಡ ಉಳಿದಿದೆ. ಸ್ವೇನ್ಸ್‌ಲಿ ಎಂಬಲ್ಲಿ ಒಂದು ಸುರಂಗವೂ ಉಂಟು. ಅಲ್ಲಿಯ ಮಹಲಿನಲ್ಲಿದ್ದ ವಾರ್ಡ್‌ಲ್‌ನ ಕಣ್ಣಿಗೆ ತನ್ನದೇ ಸಂಸ್ಥೆಯ ರೈಲು ಬೀಳದಿರಲೆಂದು ಅದನ್ನು ಕೊರೆದರೆಂದು ಜನ ಹೇಳುತ್ತಾರೆ. ಇಂದು ಆ ಸುರಂಗದೊಳಗೆ ಮೋಟಾರು ಕಾರುಗಳು ಓಡಾಡುತ್ತವೆ.