ಕಟಿಂಗ್ ಶಾಪ್‌ನಲ್ಲಿ ಕತ್ತಿನ ನೆಟಿಗೆ ತೆಗೆಸೋ ಮುನ್ನ: ಕುತ್ತಿಗೆಯ ರಕ್ತನಾಳ ಎಲ್ಲರಿಗೂ ಒಂದೇ ಥರ ಇರಲ್ಲ

ಕಟಿಂಗ್ ಮುಗಿದ ಮೇಲೆ ತಲೆಗೆ ನಾಲ್ಕು ತಟ್ಟು ತಟ್ಟಿ, ಗದ್ದ ಹಿಡಿದು ಕತ್ತನ್ನು ಆ ಕಡೆ ಈ ಕಡೆ ‘ಲಟಕ್’ ಅಂತ ತಿರುಗಿಸೋದು ಊರೂರಲ್ಲೂ ಇರುವ ವಾಡಿಕೆ. ಅದಕ್ಕೆ ಬೇರೆ ದುಡ್ಡಿಲ್ಲ, ಕೇಳಬೇಕಾಗಿಯೂ ಇಲ್ಲ. 2024ರಲ್ಲಿ ಬಳ್ಳಾರಿ ಕಡೆಯ ಯುವಕನೊಬ್ಬ ಹೀಗೆ ಕತ್ತು ತಿರುಗಿಸಿಕೊಂಡ ಕೆಲವೇ ಗಂಟೆಗಳಲ್ಲಿ ಮಾತು ತೊದಲಿ, ಎಡಗಡೆ ಬಲ ಸೋತು ಆಸ್ಪತ್ರೆ ಸೇರಿದ ಸುದ್ದಿ ರಾಜ್ಯದಲ್ಲೆಲ್ಲ ಓಡಾಡಿತ್ತು. ಕುತ್ತಿಗೆಯ ರಕ್ತನಾಳದ ಒಳಪದರ ಹರಿದು ಮಿದುಳಿಗೆ ರಕ್ತ ಹೋಗುವುದು ಕಡಿಮೆಯಾಗಿತ್ತು.

‘ದಿನಾ ಎಷ್ಟೋ ಜನ ಮಾಡಿಸ್ಕೊಳ್ತಾರೆ, ಅವರಿಗೆಲ್ಲ ಯಾಕೆ ಏನೂ ಆಗಲ್ಲ?’ ಅನ್ನೋ ಪ್ರಶ್ನೆ ಆಗ ಎಲ್ಲ ಅಂಗಡಿಗಳ ಮುಂದೆಯೂ ಕೇಳಿಬಂತು. ನ್ಯಾಯವಾದ ಪ್ರಶ್ನೆಯೇ. ಚೆನ್ನಾಗಿರೋ ನಾಳ ಕೂಡ ಜೋರಾದ ಎಳೆತಕ್ಕೆ ಹರಿಯಬಹುದು, ಅದು ಒಂದು ಮಾತು. ಹರಿದಾಗ ಎಷ್ಟು ಪೆಟ್ಟು ಬೀಳುತ್ತೆ ಅನ್ನೋದಕ್ಕೆ ಇನ್ನೊಂದು ಕಾರಣವೂ ಇದೆ. ಕುತ್ತಿಗೆಯೊಳಗಿನ ರಕ್ತನಾಳಗಳ ದಾರಿ, ದಪ್ಪ, ಕವಲು ಒಬ್ಬರಿಗಿದ್ದಂತೆ ಇನ್ನೊಬ್ಬರಿಗೆ ಇರೋದಿಲ್ಲ.

ಪಾಠದ ಪುಸ್ತಕದ ಚಿತ್ರದಲ್ಲಿ ಮಿದುಳಿಗೆ ನಾಲ್ಕು ಪೈಪ್. ಮುಂದಿನ ಎರಡಕ್ಕೆ ಡಾಕ್ಟರುಗಳು ಕೆರೋಟಿಡ್ ಅಂತಾರೆ. ಗಂಟಲಿನ ಪಕ್ಕ ಬೆರಳಿಟ್ಟರೆ ಮಿಡಿಯೋದು ಅದೇ. (ನೋಡೋದಾದ್ರೆ ಒಂದು ಕಡೆ ಮಾತ್ರ, ಮೆಲ್ಲಗೆ. ಎರಡೂ ಕಡೆ ಒಟ್ಟಿಗೆ ಒತ್ತಿದರೆ ತಲೆ ತಿರುಗಿ ಬೀಳಬಹುದು.) ಹಿಂದಿನ ಎರಡು ವರ್ಟಿಬ್ರಲ್ ನಾಳಗಳು, ಕತ್ತಿನ ಮೂಳೆಗಳ ತೂತುಗಳಲ್ಲೇ ನುಗ್ಗಿ ಮೇಲಕ್ಕೆ ಹೋಗುತ್ತವೆ. ಕತ್ತು ತಿರುಗಿದಾಗ ಇವು ಹೆಚ್ಚು ಎಳೆದಾಡಲ್ಪಡೋದು ಅದಕ್ಕೇ. ನಾಲ್ಕೂ ಮಿದುಳಿನ ಬುಡದಲ್ಲಿ ಒಂದು ಉಂಗುರದಂತೆ ಕೂಡಿಕೊಳ್ಳುತ್ತವೆ. 1664ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಇದನ್ನು ವಿವರಿಸಿದ್ದರಿಂದ ಆತನ ಹೆಸರೇ ಇದಕ್ಕೆ ಉಳಿದಿದೆ. ಒಂದು ಪೈಪ್ ಕಟ್ಟಿದರೆ ಉಂಗುರದ ಮೂಲಕ ಬೇರೆ ಕಡೆಯಿಂದ ರಕ್ತ ಬರಬೇಕು, ಅದು ಲೆಕ್ಕ. ಆದರೆ ಎಷ್ಟೋ ಜನರಲ್ಲಿ ಈ ಉಂಗುರ ಪೂರ್ತಿ ಇರೋದೇ ಇಲ್ಲ.

ಹಿಂದಿನ ಎರಡು ನಾಳಗಳಲ್ಲೂ ಸಾಮಾನ್ಯವಾಗಿ ಎಡಗಡೆಯದು ತುಸು ದಪ್ಪ. ಕೆಲವರಿಗೆ ಒಂದು ಕಡೆಯದು ಹುಟ್ಟಿನಿಂದಲೇ ದಾರದಷ್ಟು ಸಣ್ಣ. ಮಿದುಳಿನ ಹಿಂಭಾಗ ಪೂರ್ತಿ ಇನ್ನೊಂದರ ಮೇಲೆ ನಿಂತಿರುತ್ತೆ, ಆ ಮನುಷ್ಯನಿಗೆ ಗೊತ್ತೇ ಇರಲ್ಲ. ಒಂದೇ ಬೋರ್‌ವೆಲ್ ನಂಬಿಕೊಂಡ ಓಣಿಯ ಹಾಗೆ, ಮೋಟಾರ್ ಸುಟ್ಟ ದಿನವೇ ತಿಳಿಯೋದು.

ಈ ವ್ಯತ್ಯಾಸ ಯಾಕೆ? ತಾಯಿಯ ಹೊಟ್ಟೆಯಲ್ಲಿ ಮಗುವಿನ ಕತ್ತಿನ ಭಾಗದಲ್ಲಿ ಮೊದಲ ಕೆಲವೇ ವಾರಗಳಲ್ಲಿ ಕಮಾನಿನಂಥ ನಾಳಗಳು ಜೋಡಿಜೋಡಿಯಾಗಿ ಮೂಡುತ್ತವೆ. ಬೇಕಾದವು ಉಳಿದು ಬೇಡದವು ಅಳಿಯುತ್ತವೆ. ಅಳಿಯಬೇಕಾದ್ದು ಉಳಿದರೆ, ಉಳಿಯಬೇಕಾದ್ದು ಅಳಿದರೆ ನಕ್ಷೆ ಬದಲು. ಅದು ಕಾಯಿಲೆಯಲ್ಲ, ಯಾರ ತಪ್ಪೂ ಅಲ್ಲ.

ಇಂಥದ್ದರಲ್ಲಿ ಹೆಚ್ಚು ಕಾಣೋದು ‘ಬೋವೈನ್ ಆರ್ಚ್’, ಅಂದ್ರೆ ದನದ ಕಮಾನು. ಹೃದಯದಿಂದ ಹೊರಟ ಮಹಾನಾಳದಿಂದ ಸಾಮಾನ್ಯವಾಗಿ ಮೂರು ಕವಲು ಹೊರಡಬೇಕು. ಇವರಲ್ಲಿ ಎಡ ಕೆರೋಟಿಡ್ ಬೇರೆಯಾಗಿ ಹುಟ್ಟದೆ ಬಲಗಡೆಯ ದೊಡ್ಡ ಕವಲಿನ ಜೊತೆ ಹುಟ್ಟಿರುತ್ತೆ. 100ಕ್ಕೆ 10ಕ್ಕೂ ಹೆಚ್ಚು ಜನರಲ್ಲಿ ಇದು ಇರುತ್ತದೆ. ತಮಾಷೆ ಅಂದ್ರೆ ದನಗಳಲ್ಲಿ ಹೀಗಿರೋದೇ ಇಲ್ಲ. ಅವುಗಳಿಗೆ ಒಂದೇ ದಪ್ಪ ಕಾಂಡದಿಂದ ಎಲ್ಲವೂ ಕವಲೊಡೆಯುತ್ತವೆ. ತಪ್ಪು ಹೆಸರು ಹಾಗೇ ನಿಂತುಬಿಟ್ಟಿದೆ. ಸ್ಕ್ಯಾನ್ ರಿಪೋರ್ಟ್‌ನಲ್ಲಿ ಈ ಪದ ನೋಡಿ ಮೊಬೈಲ್‌ನಲ್ಲಿ ಹುಡುಕಿ, ರಾತ್ರಿಯಿಡೀ ನಿದ್ದೆಗೆಡುವವರಿದ್ದಾರೆ. ಗಾಬರಿ ಬೇಡ, ಅದಕ್ಕಾಗಿ ಮಾತ್ರೆಯೂ ಇಲ್ಲ, ಆಪರೇಷನ್ನೂ ಇಲ್ಲ. ಆದರೆ ಲಕ್ವ ಹೊಡೆದಾಗ ತೊಡೆಯ ನಾಳದಿಂದ ಸಣ್ಣ ನಳಿಕೆ ತೂರಿಸಿ ಮಿದುಳಿನ ಹೆಪ್ಪು ತೆಗೆಯೋ ಡಾಕ್ಟರಿಗೆ ಈ ತಿರುವು ಕಷ್ಟ ಕೊಡುತ್ತೆ. ಮೊದಲೇ ಗೊತ್ತಿದ್ದರೆ ಬಲಗೈ ಮಣಿಕಟ್ಟಿನಿಂದ ಹೋಗುವ ದಾರಿ ಯೋಚಿಸಬಹುದು.

ಇನ್ನೊಂದು ವಿಚಿತ್ರ, ಬಲಗೈಗೆ ಹೋಗುವ ನಾಳ ಎಡಗಡೆ ಹುಟ್ಟಿ ಅನ್ನನಾಳದ ಹಿಂದಿನಿಂದ ಬಲಕ್ಕೆ ದಾಟೋದು. ಇದು ಅಪರೂಪ. ಬಹಳಷ್ಟು ಜನರಿಗೆ ತೊಂದರೆ ಆಗಲ್ಲ, ಕೆಲವರಿಗೆ ಮಾತ್ರ ಮುದ್ದೆ, ಅನ್ನ ನುಂಗುವಾಗ ಅಡ್ಡ ಸಿಕ್ಕಂತಾಗುತ್ತೆ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ವೈದ್ಯ ಡೇವಿಡ್ ಬೇಫೋರ್ಡ್ ಇಂಥ ಮಹಿಳೆಯೊಬ್ಬಳ ಸಂಕಟ ದಾಖಲಿಸಿ, ಪ್ರಕೃತಿಯ ಹುಡುಗಾಟ ಎಂಬ ಅರ್ಥದ ಲ್ಯಾಟಿನ್ ಹೆಸರು ಕೊಟ್ಟ. ಇವರಲ್ಲಿ ಬಲಗಡೆ ಧ್ವನಿಯ ನರವೂ ಮಾಮೂಲಿ ದಾರಿ ಬಿಟ್ಟು ಅಡ್ಡಹಾದಿಯಲ್ಲಿ ಬರುತ್ತೆ. ಥೈರಾಯ್ಡ್ ಆಪರೇಷನ್‌ನಲ್ಲಿ ಅದಕ್ಕೆ ಕತ್ತರಿ ತಾಗಿದರೆ ಧ್ವನಿ ಕೆಡುತ್ತದೆ.

ಆಪರೇಷನ್ ಕೋಣೆಯಲ್ಲೇ ಈ ವಿಷಯದ ನಿಜವಾದ ತೂಕ ಗೊತ್ತಾಗೋದು. ಗುಟ್ಕಾ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ಆದವರಿಗೆ ಕುತ್ತಿಗೆಯ ಗಂಟುಗಳನ್ನೂ ತೆಗೆಯಬೇಕಾಗುತ್ತೆ. ಕೆರೋಟಿಡ್ ಸಾಮಾನ್ಯವಾಗಿ ಗಂಟಲ ಉಬ್ಬಿನ ಮೇಲಂಚಿನ ಮಟ್ಟದಲ್ಲಿ ಎರಡಾಗುತ್ತದೆ, ಒಂದು ಮಿದುಳಿಗೆ, ಇನ್ನೊಂದು ಮುಖಕ್ಕೆ. ಕೆಲವರಲ್ಲಿ ಈ ಕವಲು ದವಡೆಯ ಹತ್ತಿರದವರೆಗೂ ಮೇಲಿರುತ್ತೆ. ರಕ್ತಸ್ರಾವ ನಿಲ್ಲಿಸಲು ಮುಖದ ನಾಳಕ್ಕೆ ದಾರ ಕಟ್ಟುವಾಗ ಮಿದುಳಿನ ನಾಳ ಯಾವುದು ಅಂತ ತಪ್ಪಿದರೆ ಲಕ್ವವೇ ಗತಿ. ಮಿದುಳಿನ ನಾಳ ಬಳುಕಿ ಗಂಟಲಿನ ಹಿಂಗೋಡೆಗೆ ಅಂಟಿಕೊಂಡಂತೆ ಇರುವವರೂ ಇದ್ದಾರೆ. ಟಾನ್ಸಿಲ್ ತೆಗೆಯುವಾಗ, ಅಲ್ಲಿನ ಕೀವು ಕೊಯ್ಯುವಾಗ ಅದೇ ಅಪಾಯ. ಹಾಗಾಗಿ ಬಾಯಿ ತೆಗೆದಾಗ ಗಂಟಲ ಹಿಂದೆ ಏನೋ ಮಿಡಿಯುವುದು ಕಂಡರೆ ಡಾಕ್ಟರಿಗೆ ಹೇಳಲೇಬೇಕು.

ವಯಸ್ಸಾದ, ಬಿ.ಪಿ. ಇರೋ ಹೆಂಗಸರಲ್ಲಿ ಬಲಗಡೆ ಕುತ್ತಿಗೆಯ ಬುಡದಲ್ಲಿ ಮಿಡಿಯುವ ಗಂಟು ಕಾಣಿಸೋದುಂಟು. ಎಷ್ಟೋ ಸಲ ಅದು ಗಡ್ಡೆಯಲ್ಲ, ಡೊಂಕಾದ ರಕ್ತನಾಳ. ಡಾಪ್ಲರ್ ಸ್ಕ್ಯಾನ್‌ನಲ್ಲಿ ತಿಳಿಯುತ್ತೆ. ಅದಕ್ಕೂ ಮೊದಲು ಯಾರಿಂದಲೂ ಸೂಜಿ ಚುಚ್ಚಿಸಬೇಡಿ, ತಿಕ್ಕಿಸಬೇಡಿ.

ಹಾಗಂತ ಎಲ್ಲರೂ ಕುತ್ತಿಗೆ ಸ್ಕ್ಯಾನ್ ಮಾಡಿಸೋ ಅಗತ್ಯವಿಲ್ಲ, ಅದು ದುಡ್ಡು ದಂಡ. ಕತ್ತಿನ ನೆಟಿಗೆ ಬೇಡ ಅಂದರೆ ಸಾಕು. ತಲೆಗೆ ಎಣ್ಣೆ ತಿಕ್ಕೋದು, ಭುಜ ಮೆಲ್ಲಗೆ ಹಿಸುಕೋದು ಬೇರೆ, ಗದ್ದ ಹಿಡಿದು ಎಳೆಯೋದು ಬೇರೆ. ಗಿರಾಕಿ ಕೇಳಿದರೂ ‘ಇಲ್ಲ ಅಣ್ಣಾ, ಅದು ಬಿಟ್ಟಿದೀವಿ’ ಅನ್ನೋ ಅಂಗಡಿಯವರು ಬುದ್ಧಿವಂತರು.

ಕತ್ತು ತಿರುಗಿಸಿದ ಮೇಲೆ ಒಂದೇ ಕಡೆ ಹೊಸ ಥರದ ಕತ್ತುನೋವು ಅಥವಾ ತಲೆನೋವು, ಒಂದು ರೆಪ್ಪೆ ಜೋಲೋದು, ಎರಡೆರಡು ಕಾಣೋದು, ತೂರಾಟ, ಮಾತು ತೊದಲೋದು, ಬಾಯಿ ಸೊಟ್ಟಗಾಗೋದು, ಕೈಕಾಲು ಸೋಲೋದು. ಇವು ಆಗಲೇ ಬರಬೇಕೆಂದಿಲ್ಲ, ಗಂಟೆಗಳಾದ ಮೇಲೆ, ದಿನಗಳಾದ ಮೇಲೂ ಬರಬಹುದು. ಆಗ ಬಾಯಿಗೆ ನೀರು ಹಾಕೋದು, ಪಾರಿವಾಳದ ರಕ್ತ ಹಚ್ಚೋದು ಬಿಟ್ಟು 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರೋ ಆಸ್ಪತ್ರೆಗೇ ಹೋಗಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡೋದಾದರೆ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ. ಶುರುವಾದ ಸಮಯ ಚೀಟಿಯಲ್ಲಿ ಬರೆದುಕೊಳ್ಳಿ. ಕತ್ತು ತಿರುಗಿಸಿಕೊಂಡಿದ್ದನ್ನು ಮುಚ್ಚಿಡದೆ ಹೇಳಿ. ಹಳೇ ಸ್ಕ್ಯಾನ್ ರಿಪೋರ್ಟ್, ಸಿ.ಡಿ. ಇದ್ದರೆ ಅದನ್ನೂ ಜೊತೆಗೇ ಒಯ್ಯಿರಿ.