ಮಧುಮೇಹಿಯ ಎಲೆಗೂ ಒಂದು ಹೋಳಿಗೆ

ಹೆಗ್ಗೋಡು, ಸಾಗರದ ಕಡೆ ದೀಪಾವಳಿಗೆ ದೊಡ್ಡಹಬ್ಬವೆಂದೇ ಹೆಸರು. ಗೋಪೂಜೆ ಮುಗಿದು ಎಲೆ ಹಾಕುವ ಹೊತ್ತಿಗೆ, ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಅವರಿಗೆ ಹೋಳಿಗೆ ಬಡಿಸುವುದೋ ಬಿಡುವುದೋ ಎಂಬ ಪ್ರಶ್ನೆ ಏಳುತ್ತದೆ. 'ಒಂದು ದಿನಕ್ಕೆ ಏನಾಗುತ್ತದೆ' ಎಂದು ಕೆಲವರು ಮೂರು ಬಡಿಸುತ್ತಾರೆ. ಕೆಲವರು ಆ ಎಲೆಯನ್ನು ದಾಟಿ ಮುಂದೆ ಹೋಗುತ್ತಾರೆ. ಹೋಳಿಗೆಯನ್ನೇ ಸ್ವಲ್ಪ ಬದಲಿಸಿಕೊಂಡರೆ ಎರಡೂ ಬೇಕಾಗಿಲ್ಲ.

'ನಾವು ಸಕ್ಕರೆ ಮುಟ್ಟುವುದಿಲ್ಲ, ಆಲೆಮನೆಯ ಜೋನಿಬೆಲ್ಲವೇ ಹಾಕುವುದು' ಎಂದು ಧೈರ್ಯ ಹೇಳುವವರು ಮಲೆನಾಡಿನಲ್ಲಿ ಬಹಳ. ಬೆಲ್ಲದಲ್ಲಿ ಅಷ್ಟಿಷ್ಟು ಖನಿಜಾಂಶವಿದೆ, ನಿಜ. ಆದರೆ ಅದರ ಬಹುಭಾಗ ಸುಕ್ರೋಸ್, ಅಂದರೆ ಸಕ್ಕರೆಯೇ.

ಒಂದು ಸಣ್ಣ ಲೆಕ್ಕ ಮಾಡೋಣ. 200 ಗ್ರಾಂ ಕಡಲೆಬೇಳೆ, 200 ಗ್ರಾಂ ಬೆಲ್ಲ, 180 ಗ್ರಾಂ ಹಿಟ್ಟಿನಲ್ಲಿ 12 ಹೋಳಿಗೆ ಮಾಡಿದರೆ ಒಂದೊಂದರಲ್ಲಿ ಸುಮಾರು 35 ಗ್ರಾಂ ಶರ್ಕರಪಿಷ್ಟ, ಅಂದರೆ ಕಾರ್ಬೋಹೈಡ್ರೇಟ್ ಇರುತ್ತದೆ. ಬೆಲ್ಲವನ್ನು ಅರ್ಧಕ್ಕೆ ಇಳಿಸಿದರೆ ಅದು 28ರ ಆಸುಪಾಸಿಗೆ ಬರುತ್ತದೆ. ಅಷ್ಟೇ! ಕಣಕದ ಹಿಟ್ಟೂ ಜೀರ್ಣವಾಗಿ ಗ್ಲೂಕೋಸ್ ಆಗುವುದರಿಂದ ಬೆಲ್ಲವೊಂದನ್ನೇ ದೂರಿ ಪ್ರಯೋಜನವಿಲ್ಲ. 100 ಗ್ರಾಂ ಅನ್ನದಲ್ಲಿಯೂ ಹೆಚ್ಚುಕಡಿಮೆ ಇದೇ 28 ಗ್ರಾಂ ಉಂಟು. ಹಾಗಾಗಿ ಒಂದು ಹೋಳಿಗೆ ತಿನ್ನುವವರು ಅಷ್ಟು ಅನ್ನವನ್ನು ಬಿಡಬೇಕು. ಬೆಲ್ಲ ಬೆರೆಸಿದ ಕಾಯಿಹಾಲು ಬೇಡ, ತುಪ್ಪ ಒಂದು ಚಮಚ ಸಾಕು.

ಕಡಲೆಬೇಳೆ ಮಾತ್ರ ಇಲ್ಲಿ ನಮ್ಮ ಸ್ನೇಹಿತ. ಅದರಲ್ಲಿ ಪ್ರೋಟೀನು, ನಾರು ಹೆಚ್ಚು, ನಿಧಾನವಾಗಿ ಜೀರ್ಣವಾಗುತ್ತದೆ. ಆದ್ದರಿಂದ ಹೂರಣ ದಪ್ಪ, ಕಣಕ ತೆಳು ಇರಲಿ. ಮೈದಾದ ಬದಲು ಗೋಧಿಹಿಟ್ಟನ್ನು ಎಣ್ಣೆ ಹಾಕಿ ಮೆತ್ತಗೆ ಕಲಸಿ, ಎರಡು ಗಂಟೆ ನೆನೆಯಲು ಬಿಡಿ. ಬೆಲ್ಲ ತೇವವನ್ನು ಹಿಡಿದಿಡುವ ವಸ್ತು. ಅದು ಕಡಿಮೆಯಾದಾಗ ಹೂರಣ ಒಣಗಿ ಉದುರುತ್ತದೆ, ಲಟ್ಟಿಸುವಾಗ ಹೋಳಿಗೆ ಒಡೆಯುತ್ತದೆ. ಬೇಳೆಯನ್ನು ಎಂದಿಗಿಂತ ಮೆತ್ತಗೆ ಬೇಯಿಸಿ, ಕಟ್ಟನ್ನು ಸಾರಿಗೆ ಬಸಿದುಕೊಂಡು, ಬಿಸಿಯಿರುವಾಗಲೇ ನುಣ್ಣಗೆ ರುಬ್ಬಿದರೆ ಈ ತೊಂದರೆ ತಪ್ಪುತ್ತದೆ. ಏಲಕ್ಕಿ ಸ್ವಲ್ಪ ಮುಂದಾಗಿರಲಿ, ಚಿಟಿಕೆ ಉಪ್ಪು ಮರೆಯಬೇಡಿ. ಇಂಥ ಹೋಳಿಗೆ ಹೆಚ್ಚು ದಿನ ಉಳಿಯುವುದಿಲ್ಲ, ಅಂದೇ ಮುಗಿಸಿಬಿಡಿ. ಸಿಹಿ ಗುಳಿಗೆಗಳ ಬಗ್ಗೆಯೂ ಕೇಳುವವರಿದ್ದಾರೆ. ಆಸ್ಪರ್ಟೇಮ್ ಬೆಂಕಿಯ ಮೇಲೆ ಸಿಹಿ ಕಳೆದುಕೊಳ್ಳುತ್ತದೆ. ಸುಕ್ರಲೋಸ್ ಶಾಖವನ್ನು ಹೆಚ್ಚು ತಾಳುತ್ತದಾದರೂ ಬೆಲ್ಲದಂತೆ ಹೂರಣವನ್ನು ಕೂಡಿಸುವುದಿಲ್ಲ. ನನಗಂತೂ ಅರ್ಧ ಬೆಲ್ಲದ ಹೋಳಿಗೆಯೇ ಮೇಲೆನಿಸುತ್ತದೆ.

ಅಂದ ಹಾಗೆ, ಹೋಳಿಗೆ ನಮ್ಮೊಬ್ಬರ ಸ್ವತ್ತಲ್ಲ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳಿಗೆ ಪೂರಿಮ್ ಹಬ್ಬದ ಸಿಹಿ ಪೂರಣಪೋಳಿ. ಆ ಹಬ್ಬ ಸಾಮಾನ್ಯವಾಗಿ ನಮ್ಮ ಹೋಳಿಯ ಆಸುಪಾಸಿನಲ್ಲೇ ಬರುತ್ತದೆ. ಅವರ ಮನೆಯ ಮಧುಮೇಹಿಗೂ ಲೆಕ್ಕ ಇದೇ.

ಹಬ್ಬದ ದಿನ ಇನ್ನೊಂದು ಅಪಾಯವಿದೆ, ಅದು ಸಿಹಿ ತಿಂದಿದ್ದರಿಂದಲ್ಲ, ತಿನ್ನದೆ ಇದ್ದುದರಿಂದ ಬರುವಂಥದ್ದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನು ಬೆಳಿಗ್ಗೆ ಎಂದಿನಂತೆ ತೆಗೆದುಕೊಂಡು, ಪೂಜೆ ಮುಗಿಯುವವರೆಗೆ ಖಾಲಿ ಹೊಟ್ಟೆಯಲ್ಲಿದ್ದರೆ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗೆ ಇಳಿಯಬಹುದು. ಬೆವರು, ಕೈನಡುಕ, ತಡವರಿಸುವ ಮಾತು ಇದರ ಲಕ್ಷಣಗಳು. ಆಗ ಹೋಳಿಗೆ ಕೊಡಬೇಡಿ. ಅದರ ಬೇಳೆ, ತುಪ್ಪ ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತವೆ. ಮೂರು ಚಮಚ ಸಕ್ಕರೆಯನ್ನು ನೀರಿಗೆ ಬೆರೆಸಿ ಕುಡಿಸಿ. ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ತೋಟದ ನಡುವಿನ ಒಂಟಿ ಮನೆಗಳಿಂದ ಸಾಗರ ತಲುಪಲು ಹೊತ್ತು ಹಿಡಿಯುತ್ತದೆ. ಆದ್ದರಿಂದ ಹಬ್ಬದ ದಿನದ ಮಾತ್ರೆ, ಊಟದ ವೇಳೆಯನ್ನು ವಾರ ಮೊದಲೇ ವೈದ್ಯರನ್ನು ಕೇಳಿ ಗೊತ್ತುಮಾಡಿಕೊಳ್ಳಿ.