ನಂಬಲಾಗದ ತಿರುವು ಗಟ್ಟಿಯಾಗಿ ನಿಲ್ಲುವುದು ಯಾವಾಗ?

ಪತ್ತೇದಾರಿ ವಿಡಿಯೊ ಗೇಮ್‌ನ ಕೊನೆಯ ತಿರುವು ಎಷ್ಟೇ ವಿಚಿತ್ರವಾಗಿರಲಿ, ಅದಕ್ಕಿರುವ ಪರೀಕ್ಷೆ ಒಂದೇ: ಉತ್ತರ ಗೊತ್ತಾದ ಮೇಲೆ ಮೊದಲಿನಿಂದ ಆಡಿದರೂ ಕಥೆ ತಾಳೆಯಾಗಬೇಕು.

2010ರ ‘ಹೆವಿ ರೈನ್’ ಈ ಪರೀಕ್ಷೆಯಲ್ಲಿ ಎಡವುತ್ತದೆ. ಅದರ ಸರಣಿ ಕೊಲೆಗಾರ ಖಾಸಗಿ ಪತ್ತೇದಾರ ಸ್ಕಾಟ್ ಶೆಲ್ಬಿ. ಅವನನ್ನು ನಡೆಸುವವರು ಆಟಗಾರರೇ. ಅವನ ಮನಸ್ಸಿನ ಮಾತು ಅವರಿಗೆ ಕೇಳಿಸುತ್ತದೆ, ಆದರೆ ಅದರಲ್ಲಿ ಅಪರಾಧದ ಅರಿವೇ ಇಲ್ಲ. ಅಂಗಡಿಯಲ್ಲಿ ಅವನು ಮಾಡುವ ಕೊಲೆಯನ್ನು ಕ್ಯಾಮೆರಾ ಮುಚ್ಚಿಡುತ್ತದೆ. ಈಥನ್ ಎಂಬ ಇನ್ನೊಂದು ಪಾತ್ರ ಮಂಪರಿನಿಂದ ಎಚ್ಚೆತ್ತಾಗ, ಕೊಲೆಗಾರನ ಗುರುತಾದ ಕಾಗದದ ಬೊಂಬೆ ಅವನ ಕೈಯಲ್ಲಿರುತ್ತದೆ. ಅದು ಅಲ್ಲಿಗೆ ಬಂದದ್ದು ಹೇಗೆಂದು ಆಟ ಕೊನೆಗೂ ಸರಿಯಾಗಿ ಹೇಳುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಎದುರಾಗಿ ನಿಲ್ಲುವುದು ಸಿನಿಮಾ: ಪ್ರೇಕ್ಷಕರ ಹಣದಿಂದಲೇ ತಯಾರಾದ, ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’ (2013). ನಿದ್ದೆ ಬಾರದ ಚಿತ್ರಮಂದಿರದ ಕೆಲಸಗಾರ ನಿಕ್ಕಿ, ಮಾತ್ರೆ ನುಂಗಿ ತಾನು ಸಿನಿಮಾ ತಾರೆಯಾದಂತೆ ಕನಸು ಕಾಣುತ್ತಾನೆ. ಕೊನೆಗೆ ತಿಳಿಯುವ ಸತ್ಯವೇ ಬೇರೆ: ತಾರೆಯ ಬದುಕೇ ನಿಜ, ನಿಕ್ಕಿಯದೇ ಕನಸು. ತಿರುವು ಅಸಾಧ್ಯವೆನಿಸಿದರೂ ಸುಳಿವು ಮೊದಲಿನಿಂದ ಕಣ್ಣೆದುರೇ ಇತ್ತು. ತಾರೆಯ ಬದುಕು ಕಪ್ಪು-ಬಿಳುಪಿನಲ್ಲಿ, ನಿಕ್ಕಿಯದು ಬಣ್ಣದಲ್ಲಿ. ಎರಡನೆಯ ಸಲ ನೋಡಿದಾಗ ಆ ಬಣ್ಣಗಳ ಅರ್ಥವೇ ತಿರುಗಿ ನಿಲ್ಲುತ್ತದೆ.

ಹಾಗಾಗಿ ತಿರುವನ್ನು ಕೆಡಿಸುವುದು ಅದರ ವಿಚಿತ್ರತನವಲ್ಲ, ಸುಳಿವಿನ ಕೊರತೆ. ಗೇಮ್‌ಗಳಲ್ಲಿ ಈ ಹೊಣೆ ಇನ್ನೂ ದೊಡ್ಡದು. ಅಲ್ಲಿ ಆಟಗಾರರು ಬರಿಯ ನೋಡುಗರಲ್ಲ, ಪಾತ್ರದ ಕೈಯೂ ಮನಸ್ಸೂ ಅವರೇ. ಅವರು ಮಾಡಿದ್ದನ್ನು ಅವರಿಂದಲೇ ಬಚ್ಚಿಡುವ ತಿರುವು, ಎಷ್ಟೇ ಬೆಚ್ಚಿಬೀಳಿಸಿದರೂ, ಗಟ್ಟಿಯಾಗಿ ನಿಲ್ಲುವುದಿಲ್ಲ.